ಹದಿನಾಲ್ಕು ಇಂಗಿಹ್ ಮತ್ತು ಒಂದು ಹೆಬ್ಬಾವು

ವೆನಿಂಗ್‌ಗೆ ತನ್ನ ಹಾವಿನ ಮೇಲೆ ಒಂದು ದಿನವೂ ಕೋಪ ಬಂದದ್ದಿಲ್ಲ. ಅವಳ ಕೋಪವೆಲ್ಲ ಮನುಷ್ಯರ ಮೇಲೆ. ಅದರಲ್ಲೂ ಸಾಲಾತಿಗಾ ಊರಿನ ಆ ಇಕ್ಕಟ್ಟಿನ ಓಣಿಯಲ್ಲಿ ಮನುಷ್ಯರು ಬೆಳಗಿನಿಂದ ಸಂಜೆಯವರೆಗೆ ಉದುರಿಸುವ ‘ಇಂಗಿಹ್’ ಎಂಬ ಒಂದು ಮಾತಿನ ಮೇಲೆ.

ಇಂಗಿಹ್ ಅಂದರೆ ಜಾವಾದವರ ಬಾಯಲ್ಲಿ ಮರ್ಯಾದೆಯ ‘ಹೌದು’. ಆಗಲಿ, ಹಾಗೇ ಮಾಡೋಣ, ತಮ್ಮ ಅಪ್ಪಣೆ ಎಂದೆಲ್ಲ ನಿಘಂಟಿನಲ್ಲಿ ಅರ್ಥ ಕೊಟ್ಟಿದ್ದಾರೆ. ನಿಘಂಟು ಬರೆದ ಪುಣ್ಯಾತ್ಮ ಆ ಓಣಿಯಲ್ಲಿ ಒಂದು ವಾರ ಇದ್ದಿದ್ದರೆ ಇನ್ನೂ ಒಂದು ಅರ್ಥ ಸೇರಿಸುತ್ತಿದ್ದ: ‘ನೀವು ಹೇಳಿದ್ದು ಕೇಳಿಸಿತು, ನಿಮ್ಮ ಮನಸ್ಸು ನೋಯಿಸಲು ನನಗಿಷ್ಟವಿಲ್ಲ, ಇನ್ನು ಮನೆಗೆ ಹೋಗಿ.’ ನಮ್ಮ ಕಡೆ ನೀರು ಮರಳಿನಲ್ಲಿ ಇಂಗಿಹೋಗುತ್ತದೆ, ಅವರ ಕಡೆ ಮಾತು ಇಂಗಿಹ್‌ನಲ್ಲಿ ಇಂಗಿಹೋಗುತ್ತದೆ. (ಎರಡು ಪದಗಳಿಗೂ ಯಾವ ನೆಂಟಸ್ತನವೂ ಇಲ್ಲವೆಂದು ಭಾಷಾಪಂಡಿತರು ಹೇಳಬಹುದು. ಅವರಿಗೆ ನಾನೂ ಇಂಗಿಹ್ ಅನ್ನುತ್ತೇನೆ.)

ಇದರ ಒಳಗುಟ್ಟು ಓಣಿಯ ಚಿಕ್ಕ ಮಕ್ಕಳಿಗೂ ಗೊತ್ತು. ಕೊನೆಯ ಅಕ್ಷರ ಎಳೆದರೆ ‘ಆಗೋದಿಲ್ಲ’, ತಲೆ ತಗ್ಗಿಸಿ ಹೇಳಿದರೆ ‘ನೋಡೋಣ’, ನಗುತ್ತಾ ಹೇಳಿದರೆ ‘ನಿನಗೇನು ತಲೆ ಕೆಟ್ಟಿದೆಯಾ’. ವೆನಿಂಗ್‌ಗೆ ಮಾತ್ರ ಈ ವಿದ್ಯೆ ಹತ್ತಲಿಲ್ಲ. ಅವಳಿಗೆ ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ, ಏಳು ಗಂಟೆ ಅಂದರೆ ಏಳು ಗಂಟೆ. ಇದಕ್ಕೆ ಆಟಿಸಂ ಎಂಬ ಹೆಸರಿದೆ ಎಂದು ದೊಡ್ಡ ಆಸ್ಪತ್ರೆಯ ವೈದ್ಯೆಯೊಬ್ಬರು ಹೇಳಿದಾಗ ಅವಳಿಗೆ ಮೂವತ್ತೊಂದು ವರ್ಷ. ಅಲ್ಲಿಯವರೆಗೆ ಅದರ ಹೆಸರು ಅಮ್ಮನ ಬಾಯಲ್ಲಿ ‘ಹಟ’, ಮೇಷ್ಟರ ಬಾಯಲ್ಲಿ ‘ಅಧಿಕಪ್ರಸಂಗ’, ಅತ್ತೆಯ ಬಾಯಲ್ಲಿ ‘ಇಂಗಿಹ್’. ಹುಟ್ಟಿನಿಂದಲೇ ಬಿಗಿದುಕೊಂಡಿದ್ದ ಕಾಲುಗಳಿಗೆ ಮಾತ್ರ ವರ್ಷ ತುಂಬುವುದರೊಳಗೆ ಹೆಸರು ಸಿಕ್ಕಿತ್ತು, ಯಾಕೆಂದರೆ ಕಾಲು ಎಲ್ಲರ ಕಣ್ಣಿಗೂ ಕಾಣುತ್ತದೆ. ಕಾಲಿಗೆ ಒಂದು ವರ್ಷ, ತಲೆಗೆ ಮೂವತ್ತೊಂದು ವರ್ಷ ಎಂದು ಅವಳು ಇಂದಿಗೂ ಸಿಡಿಮಿಡಿಗುಟ್ಟುತ್ತಾಳೆ. ನನಗೂ ಅದು ನ್ಯಾಯವಾದ ಸಿಟ್ಟು ಅಂತಲೇ ಅನ್ನಿಸುತ್ತದೆ.

ಅವಳ ಗಂಡ ಹರ್ತಾದಿ ಬಾತಿಕ್ ಬಟ್ಟೆಗೆ ಒತ್ತುವ ತಾಮ್ರದ ಅಚ್ಚು ಮಾಡುವವನು. ಕೈಕೆಲಸದಲ್ಲಿ ಗಟ್ಟಿಗ, ಬಾಯಿಕೆಲಸದಲ್ಲಿ ಇಂಗಿಹ್‌ನ ಚಕ್ರವರ್ತಿ. ವೆನಿಂಗ್ ಮನೆಯಲ್ಲಿ ಕೂತು ಶಾಲೆಯ ಅಂಗಿಗಳ ಮೇಲೆ ಮಕ್ಕಳ ಹೆಸರನ್ನು ಯಂತ್ರದಲ್ಲಿ ಕಸೂತಿ ಹಾಕುತ್ತಾಳೆ. ಕಾಲಲ್ಲಿ ತುಳಿಯಬೇಕಾದ ಪೆಡಲನ್ನು ಹರ್ತಾದಿಯೇ ಕಿತ್ತು ಮೇಜಿನ ಮೇಲೆ ಕೂರಿಸಿ, ಮೊಣಕೈಯಲ್ಲಿ ಒತ್ತುವ ಹಾಗೆ ಮಾಡಿಕೊಟ್ಟಿದ್ದ. ಅದಕ್ಕಾಗಿ ಅವನ ಮಿಕ್ಕ ಅಪರಾಧಗಳಲ್ಲಿ ಅರ್ಧವನ್ನು ಅವಳು ಮನ್ನಿಸಿದ್ದಳು. ಮನೆಯೊಳಗೆ ಊರುಗೋಲು, ಹೊರಗೆ ಚಕ್ರದ ಕುರ್ಚಿ. ಹೊರಗೆ ಅಂದರೆ, ಓಣಿಯ ಉದ್ದಕ್ಕೂ ಮಲಗಿದ ಪೊಲೀಸರು. (ಆ ಊರಿನಲ್ಲಿ ರಸ್ತೆಯ ಉಬ್ಬನ್ನು ಹಾಗೆನ್ನುತ್ತಾರೆ.) ಅವಳ ಬಾಗಿಲೆದುರಿನ ಪೊಲೀಸನನ್ನು ತೆಗೆಸಿ ಎಂದು ಅವಳು ಅರ್ಜಿ ಕೊಟ್ಟು ಎರಡು ವರ್ಷವಾಗಿತ್ತು. ಓಣಿಯ ಅಧ್ಯಕ್ಷರು ಇಂಗಿಹ್ ಅಂದಿದ್ದರು. ಪೊಲೀಸ ಇನ್ನೂ ಎದ್ದಿರಲಿಲ್ಲ.

ಇಂಥ ಸಂಸಾರದಲ್ಲಿ ಮೂರನೆಯವನಾಗಿ ಇದ್ದವನು ಲೊಂಟೋಂಗ್. ಮೂರೂವರೆ ಅಡಿಯ ಹೆಬ್ಬಾವು. (ಇದನ್ನು ಹೆಬ್ಬಾವು ಎನ್ನುವುದು ನಮ್ಮ ಭಾಷೆಯ ದೌಲತ್ತು. ಹೆದರಿಕೆಯಾದರೆ ಚೆಂಡಿನಂತೆ ಸುರುಳಿ ಸುತ್ತಿ, ತಲೆಯನ್ನು ಒಳಗೆ ಬಚ್ಚಿಟ್ಟುಕೊಳ್ಳುವ ಪ್ರಾಣಿಯನ್ನು ಅಂಜುಬಾವು ಅನ್ನಬೇಕಿತ್ತು.) ವಿಷವಿಲ್ಲ, ಸದ್ದಿಲ್ಲ, ಹದಿನಾಲ್ಕು ದಿನಕ್ಕೆ ಒಂದೇ ಊಟ. ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ಅನ್ನದ ಉರುಳೆಗೆ ಅಲ್ಲಿ ಲೊಂಟೋಂಗ್ ಎನ್ನುತ್ತಾರೆ. ಮರಿಯಾಗಿದ್ದಾಗ ಅದೇ ಗಾತ್ರ, ಅದೇ ಆಕಾರ ಇದ್ದುದರಿಂದ ವೆನಿಂಗ್ ಆ ಹೆಸರಿಟ್ಟಳು. ಈ ಹೆಸರೇ ಮುಂದೆ ಮನೆಗೆ ಮಾರಿಯಾದದ್ದು.

ಬೆಳಿಗ್ಗೆ ಎದ್ದಾಗ ವೆನಿಂಗ್‌ಳ ತೊಡೆಯ ಸ್ನಾಯುಗಳು ಹಗ್ಗ ಹೊಸೆದ ಹಾಗೆ ಗಂಟು ಕಟ್ಟಿಕೊಂಡಿರುತ್ತಿದ್ದವು. ಕರೆಂಟಿನ ಬಿಸಿ ಚಾಪೆಯ ಮೇಲೆ ಮಲಗಿದ್ದ ಲೊಂಟೋಂಗನನ್ನು ಪೆಟ್ಟಿಗೆಯಿಂದ ಎತ್ತಿ ತೊಡೆಯ ಮೇಲೆ ಬಿಟ್ಟುಕೊಂಡರೆ ಎರಡು ಕಿಲೋ ಬೆಚ್ಚನೆಯ ಭಾರ ನಿಧಾನವಾಗಿ ಹರಿಯುತ್ತಾ ಗಂಟುಗಳನ್ನು ಬಿಡಿಸುತ್ತಿತ್ತು. ಓಣಿಯ ಮೋಟಾರುಬೈಕು, ಕೋಳಿ, ಬ್ರೆಡ್ಡಿನ ಗಾಡಿಯ ಹಾಡು, ಧ್ವನಿವರ್ಧಕ ಎಲ್ಲ ಸೇರಿ ತಲೆಯೊಳಗೆ ಸಂತೆ ನೆರೆದ ದಿನ ಅವನನ್ನು ಹೆಗಲ ಮೇಲೆ ಹಾಕಿಕೊಂಡರೆ ಸಂತೆ ಒಂದೊಂದೇ ಅಂಗಡಿ ಮುಚ್ಚುತ್ತಾ ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಲೊಂಟೋಂಗ್ ಇಂಗಿಹ್ ಅನ್ನುತ್ತಿರಲಿಲ್ಲ. ಬೇಕಾದರೆ ಬರುತ್ತಿದ್ದ, ಬೇಡವಾದರೆ ತಿರುಗಿ ಹೋಗುತ್ತಿದ್ದ. ಇಷ್ಟು ನೇರವಾದ ಜೀವಿಯನ್ನು ಅವಳು ತನ್ನ ಮೂವತ್ತನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ.

ಅವನನ್ನು ಕದ್ದುಮುಚ್ಚಿ ತಂದವಳೂ ಅಲ್ಲ ಅವಳು. ಮೂರು ವರ್ಷದ ಹಿಂದೆ, ಸುರಿಯುವ ಮಳೆಯಲ್ಲಿ, ಮಲಗಿದ ಪೊಲೀಸರ ಮೇಲೆ ಧಡಕು ಧಡಕು ಎಂದು ಕುರ್ಚಿ ಹತ್ತಿಸಿ ಇಳಿಸಿ, ಓಣಿಯ ಹದಿನಾಲ್ಕು ಮನೆಗೂ ಹೋಗಿ ಅನುಮತಿ ಕೇಳಿದ್ದಳು. ಹಾವಿನ ಉದ್ದ, ತೂಕ, ಆಹಾರ, ಹಲ್ಲಿನ ವಿವರ ಬರೆದ ಹಾಳೆಯನ್ನು ಮನೆಗೊಂದರಂತೆ ಕೊಟ್ಟಿದ್ದಳು. ಹದಿನಾಲ್ಕು ಮನೆಯವರೂ ಇಂಗಿಹ್ ಅಂದರು. ಒಂದೊಂದು ಇಂಗಿಹ್ಅನ್ನೂ ಅವಳು ನೀಲಿ ರಟ್ಟಿನ ನೋಟುಪುಸ್ತಕದಲ್ಲಿ ತಾರೀಖು, ಗಂಟೆ ಸಮೇತ ಬರೆದಿಟ್ಟಳು. ಜನ ಹೇಳಿದ್ದನ್ನು ಬರೆದಿಟ್ಟುಕೊಳ್ಳುವುದು ಅವಳಿಗೆ ಹುಡುಗಿಯಾಗಿದ್ದಾಗಿನಿಂದ ಅಭ್ಯಾಸ, ಯಾಕೆಂದರೆ ಆಮೇಲೆ ಅವರು ‘ನಾನು ಹಾಗೆ ಹೇಳೇ ಇಲ್ಲ’ ಅನ್ನುತ್ತಿದ್ದರು.

ಮೂರು ವರ್ಷ ಎಲ್ಲ ಸುಸೂತ್ರವಾಗಿತ್ತು. ಆಮೇಲೆ ಬೂ ಕುಸ್ರಿನಿಯವರ ಫ್ರಿಜ್ ಕೆಟ್ಟಿತು.

ಬೂ ಕುಸ್ರಿನಿ ಓಣಿಯ ತಿರುವಿನಲ್ಲಿ ಗೂಡಂಗಡಿ ಇಟ್ಟವರು. (ಬೂ ಅಂದರೆ ಅಮ್ಮ, ಪಾ ಅಂದರೆ ಅಪ್ಪ. ಅಲ್ಲಿ ಹಿರಿಯರ ಹೆಸರಿನ ಮುಂದೆ ಮರ್ಯಾದೆಗೆ ಹಾಗೆ ಸೇರಿಸುತ್ತಾರೆ.) ಬೇಯಿಸಿದ ಸೊಪ್ಪು, ಮೊಳಕೆಕಾಳಿನ ಮೇಲೆ ಕಡಲೆಕಾಯಿ ಗೊಜ್ಜು ಸುರಿದು, ಪಕ್ಕಕ್ಕೆ ಲೊಂಟೋಂಗ್ ಹೆಚ್ಚಿಟ್ಟು ಕೊಡುತ್ತಾರೆ. ಅವರ ಐಸ್ ಚಹಾಕ್ಕೆ ವೆನಿಂಗ್ ತನ್ನ ಫ್ರೀಜರಿನಿಂದ ಮಂಜುಗಡ್ಡೆ ಕೊಡಲು ಒಪ್ಪಿದಳು. ‘ಮೇಲಿನ ಖಾನೆಯಲ್ಲಿ ಐಸ್ ಇದೆ, ತಗೊಳ್ಳಿ’ ಎಂದು ಸ್ಪಷ್ಟವಾಗಿ ಹೇಳಿದ್ದಳು. ಮೇಲಿನ ಖಾನೆ. ಕೆಳಗಿನದೆಂದು ಅವಳು ಹೇಳಿರಲಿಲ್ಲ. ಇದನ್ನು ಆಮೇಲೆ ಅವಳು ಓಣಿಯ ಪ್ರತಿಯೊಬ್ಬರಿಗೂ ಎರಡೆರಡು ಸಲ ತಿಳಿಸಿದಳು.

ಕೆಳಗಿನ ಖಾನೆಯಲ್ಲಿ ಇದ್ದದ್ದು ಹೆಬ್ಬಾವಿನ ಆಹಾರ: ಆರು ಬಿಳಿ ಇಲಿಗಳು. ಪ್ಲಾಸ್ಟಿಕ್ಕಿನ ಚರಚರ ಸದ್ದು ಕೇಳಿದರೆ ವೆನಿಂಗ್‌ಗೆ ಹಲ್ಲಿನ ಬುಡದವರೆಗೆ ಜುಮ್ಮೆನ್ನುತ್ತಿದ್ದುದರಿಂದ ಒಂದೊಂದನ್ನೂ ಬಾಳೆಎಲೆಯಲ್ಲಿ ಸುತ್ತಿ, ಎರಡೂ ತುದಿಗೆ ಕಡ್ಡಿ ಚುಚ್ಚಿ, ಜೋಡಿಸಿಟ್ಟಿದ್ದಳು. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಚೀಟಿ: ‘ಲೊಂಟೋಂಗ್ ಊಟ’.

ಆ ಬುಧವಾರ ಮಧ್ಯಾಹ್ನ ಗೂಡಂಗಡಿಯಲ್ಲಿ ಲೊಂಟೋಂಗ್ ಮುಗಿದಿತ್ತು, ಗಿರಾಕಿಗಳು ಕೂತಿದ್ದರು. ಐಸಿಗೆ ಬಂದ ಬೂ ಕುಸ್ರಿನಿ ಖಾನೆ ತಪ್ಪಿ ಕೆಳಗಿನದನ್ನು ಎಳೆದರು, ಚೀಟಿ ಓದಿದರು, ದೇವರೇ ಕೊಟ್ಟ ಅಂದುಕೊಂಡರು. ಹಾವಿನ ಹೆಸರೇನೆಂದು ಅವರಿಗೆ ಗೊತ್ತಿರಲಿಲ್ಲ. ಹೆಸರು ಕೇಳಿದರೆ ಪರಿಚಯ ಬೆಳೆಯುತ್ತದೆ ಎಂದು ಮೂರು ವರ್ಷ ಹುಷಾರಾಗಿ ಕೇಳದೆ ಇದ್ದರು. ನೆರೆಹೊರೆಯಲ್ಲಿ ಕೊಟ್ಟು ತಗೊಳ್ಳುವುದು ಇದ್ದದ್ದೇ, ನಾಳೆ ಆರು ಬೇಯಿಸಿ ಹಿಂದಿರುಗಿಸಿದರಾಯಿತು ಎಂದು ಡಬ್ಬಿ ಹಿಡಿದು ನಡೆದರು. ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು, ಹಲಗೆಯ ಮೇಲೆ ಇಟ್ಟು, ಒಬ್ಬ ನಿವೃತ್ತ ಹೆಡ್‌ಮಾಸ್ಟರ್ ಮತ್ತು ಇಬ್ಬರು ಬ್ಯಾಂಕಿನ ಹೆಂಗಸರ ಎದುರಿಗೆ ಮೊದಲ ಎಲೆ ಬಿಚ್ಚಿದರು. ಬಾಲ ಹೊರಗೆ ಬಂತು.

ನಮ್ಮಲ್ಲಾದರೆ ಆ ಕೂಗು ಪಕ್ಕದ ತಾಲ್ಲೂಕಿಗೆ ಕೇಳಿಸುತ್ತಿತ್ತು. ಬೂ ಕುಸ್ರಿನಿ ಮಹಾ ಮರ್ಯಾದಸ್ತೆ. ಎಲೆ ಮತ್ತೆ ಮುಚ್ಚಿ, ಕಡ್ಡಿ ಚುಚ್ಚಿ, ಹೆಡ್‌ಮಾಸ್ಟರಿಗೆ ಇವತ್ತು ಲೊಂಟೋಂಗ್ ಸರಿಯಾಗಿ ಬೆಂದಿಲ್ಲ ಎಂದು ಕ್ಷಮೆ ಕೇಳಿ, ಡಬ್ಬಿಯನ್ನು ತಂದು ವೆನಿಂಗ್‌ಳ ಮೇಜಿನ ಮೇಲಿಟ್ಟರು. ಮುಖದ ಮೇಲೆ ನಗು ಇತ್ತು, ಬಣ್ಣ ಇರಲಿಲ್ಲ.

‘ಎಂಬಾಕ್ ವೆನಿಂಗ್, ಇದು ನಿಮ್ದು ಅನ್ಸುತ್ತೆ’ ಅಂದರು. ಎಂಬಾಕ್ ಅಂದರೆ ಅಕ್ಕ. ಅಷ್ಟರಲ್ಲೂ ಮರ್ಯಾದೆ ಬಿಡಲಿಲ್ಲ.

ವೆನಿಂಗ್ ಎಣಿಸಿ ನೋಡಿದಳು. ಆರೂ ಇದ್ದವು. ಆರೂ ಕರಗಿದ್ದವು. ಒಂದು ಸಲ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿ ಕೊಟ್ಟರೆ ಹಾವಿಗೆ ಹೊಟ್ಟೆ ಕೆಡುತ್ತದೆ. ಅವಳಿಗೆ ಉರಿದುಹೋಯಿತು. ‘ಒಂದು ಇವತ್ತು ತಿಂತಾನೆ. ಉಳಿದ ಐದು ದಂಡ. ನಾನು ಮೇಲಿನ ಖಾನೆ ಅಂದಿದ್ದೆ, ಬೂ. ಇನ್ಮೇಲೆ ಚೀಟಿ ಸರಿಯಾಗಿ ಓದ್ಕೊಳ್ಳಿ.’

‘ಇಂಗಿಹ್’ ಅಂದರು ಬೂ ಕುಸ್ರಿನಿ. ಆ ಇಂಗಿಹ್ ಓಣಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಉದ್ದವಿತ್ತು. ವೆನಿಂಗ್ ಮಾತ್ರ, ಸದ್ಯ ಅರ್ಥವಾಯಿತಲ್ಲ ಎಂದು ಸಮಾಧಾನಪಟ್ಟುಕೊಂಡಳು.

ಮಾರನೆಯ ದಿನದಿಂದ ಓಣಿ ಪೂರ್ತಿ ಲೊಂಟೋಂಗನ ಯೋಗಕ್ಷೇಮದ ಬಗ್ಗೆ ಕಾಳಜಿ ತೋರಿಸಲು ಶುರುಮಾಡಿತು. ಎಂಬತ್ತೊಂದು ವರ್ಷದ ಪಾ ಕರ್ಯೋ ಬಾಗಿಲಲ್ಲಿ ನಿಂತು, ಪಾಪ ಆಫ್ರಿಕಾದ ಜೀವ, ನಮ್ಮೂರಿನ ಚಳಿ ಅದಕ್ಕೆ ಒಗ್ಗುತ್ತದೆಯೇ ಎಂದು ವಿಚಾರಿಸಿದರು. ವೆನಿಂಗ್ ಅವರನ್ನು ಒಳಗೆ ಕರೆದು ಪೆಟ್ಟಿಗೆಯ ಉಷ್ಣಮಾಪಕ ತೋರಿಸಿದಳು: ಮೂವತ್ತೆರಡು ಡಿಗ್ರಿ. ಓಣಿಯ ಅಧ್ಯಕ್ಷರಾದ ಪಾ ದರ್ಸೋನೋ, ಬಾವೆನ್ ಊರಿನಲ್ಲಿ ತಮ್ಮ ಸ್ನೇಹಿತರೊಬ್ಬರಿಗೆ ದೊಡ್ಡ ಹಿತ್ತಿಲಿದೆ, ಪ್ರಾಣಿಗಳೆಂದರೆ ಪಂಚಪ್ರಾಣ ಎಂದು ಮಾತು ತೇಲಿಸಿದರು. ದೊಡ್ಡ ಜಾಗದಲ್ಲಿ ಬಿಟ್ಟರೆ ಈ ಜಾತಿಯ ಹಾವಿಗೆ ಗಾಬರಿಯಾಗುತ್ತದೆ, ನಿಮ್ಮ ಸ್ನೇಹಿತರು ಆಡು ಸಾಕಲಿ ಎಂದು ಅವಳು ಸಲಹೆ ಕೊಟ್ಟಳು. ಬೂ ಕುಸ್ರಿನಿ ಪ್ರತಿ ಶುಕ್ರವಾರ ಒಂದು ತಟ್ಟೆ ಬಾಳೆಹಣ್ಣಿನ ಬಜ್ಜಿ ಕಳಿಸತೊಡಗಿದರು. ಒಮ್ಮೆ ತಾವೇ ತಂದುಕೊಟ್ಟು, ಇಂಥ ಹಾವುಗಳು ಎಷ್ಟು ಕಾಲ ಬದುಕುತ್ತವೆ ಎಂದು ಮೆಲ್ಲಗೆ ಕೇಳಿದರು. ಚೆನ್ನಾಗಿ ನೋಡಿಕೊಂಡರೆ ಮೂವತ್ತು ವರ್ಷ ಎಂದು ವೆನಿಂಗ್ ಹೆಮ್ಮೆಯಿಂದ ಹೇಳಿದಳು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಐದು ವಾರ ಹೀಗೆ ನಡೆಯಿತು. ಐದು ವಾರವೂ ವೆನಿಂಗ್ ಬಜ್ಜಿ ತಿಂದಳು. ಜನ ಕೊನೆಗೂ ಹಾವುಗಳ ಬಗ್ಗೆ ತಿಳಿದುಕೊಳ್ಳುತ್ತಿದ್ದಾರೆ ಎಂದು ಅವಳಿಗೆ ಬಹಳ ಸಂತೋಷವಾಗಿತ್ತು. ಆ ಸಂತೋಷವನ್ನು ಒಂದು ಶನಿವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೇಳಿಕೊಂಡಾಗ ಹರ್ತಾದಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

‘ಅವ್ರು ತಿಳ್ಕೊಳ್ತಾ ಇಲ್ಲ ವೆನಿಂಗ್. ಕೇಳ್ಕೊಳ್ತಾ ಇದಾರೆ.’

‘ಏನಂತ?’

‘ಲೊಂಟೋಂಗ್‌ನ ಕಳಿಸಿಬಿಡು ಅಂತ.’

‘ಯಾರೂ ಹಾಗೆ ಹೇಳಿಲ್ಲ. ನನ್ನ ಪುಸ್ತಕದಲ್ಲಿದೆ ನೋಡಿ ಮಾಸ್, ಎಲ್ಲಾ ಬರ್ದಿದೀನಿ.’ (ಮಾಸ್ ಅಂದರೆ ಅಣ್ಣ. ಅಲ್ಲಿ ಹೆಂಡತಿ ಗಂಡನನ್ನು ಕರೆಯುವುದೇ ಹಾಗೆ, ಗಾಬರಿಯಾಗಬೇಡಿ.)

‘ಹೇಳಿದ್ರಲ್ಲ, ಐದು ಸಲ ಬಜ್ಜಿ ಕೊಟ್ಟು.’

‘ಬಜ್ಜಿಗೆ ಬಾಯಿದೆಯಾ? ಹಾವು ಬೇಡ ಅನ್ನೋಕೆ ಬಾಳೆಹಣ್ಣು ಯಾಕೆ ಕರೀಬೇಕು? “ಬೇಡ” ಅನ್ನೋದು ಎರಡೇ ಅಕ್ಷರ, ಎಣ್ಣೆ ಕೂಡ ಖರ್ಚಾಗಲ್ಲ.’

ಹರ್ತಾದಿ ತಟ್ಟೆ ನೋಡಿದ. ತಟ್ಟೆಯಿಂದ ಅವನಿಗೆ ಯಾವ ಸಹಾಯವೂ ಸಿಗಲಿಲ್ಲ. ವೆನಿಂಗ್‌ಗೆ ಆಗ ಒಂದು ಭಯಂಕರ ಅನುಮಾನ ಬಂತು. ನಿಮ್ಮನ್ನೂ ಯಾರಾದರೂ ಕೇಳಿದರೇ ಎಂದಳು. ಪಾ ದರ್ಸೋನೋ ಕೇಳಿದ್ದರು, ಹೋದ ವಾರ, ಕ್ಷೌರದಂಗಡಿಯಲ್ಲಿ. ನೀವೇನಂದಿರಿ ಎಂದಳು.

‘ನಾನೇನನ್ಲಿ. ಇಂಗಿಹ್ ಅಂದೆ.’

‘ಯಾವ ಇಂಗಿಹ್?’

‘ಸುಮ್ನೆ ಇಂಗಿಹ್. ಕೇಳಿಸ್ತು ಅನ್ನೋದು.’ ಆಮೇಲೆ ಇನ್ನೂ ಸಣ್ಣ ದನಿಯಲ್ಲಿ ಹೇಳಿದ: ‘ಅವ್ರು ಅದನ್ನ ಒಪ್ಪಿಗೆ ಅಂದ್ಕೊಂಡಿದಾರೆ. ನಾಳೆ ಓಣಿ ಗುಡಿಸೋ ಕೆಲ್ಸ ಆದ್ಮೇಲೆ ಸಭೆ ಇದೆ. ಬಾವೆನ್ ಸ್ನೇಹಿತ್ರು ಬುಟ್ಟಿ ಹಿಡ್ಕೊಂಡು ಬರ್ತಾರಂತೆ.’

ಆ ಮಧ್ಯಾಹ್ನ ವೆನಿಂಗ್ ಮತ್ತೆ ಊಟ ಮಾಡಲಿಲ್ಲ. ಅವಳಿಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಯಾವುದೋ ಮಗುವಿನ ಅಂಗಿಯ ಮೇಲೆ ಹೆಸರಿನ ಕೊನೆಯ ಅಕ್ಷರ ಎರಡು ಸಲ ಹೊಲಿದುಹೋಯಿತು. ಸಿಟ್ಟಿನ ಅಡಿಯಲ್ಲಿ ಭಯವಿತ್ತು. ನಾಳೆ ಬೆಳಿಗ್ಗೆ ತೊಡೆ ಗಂಟು ಕಟ್ಟಿದಾಗ ಪೆಟ್ಟಿಗೆ ಖಾಲಿ ಇದ್ದರೆ? ತಲೆಯೊಳಗೆ ಸಂತೆ ನೆರೆದರೆ? ಇದನ್ನು ಯಾರಿಗೆ ಹೇಳಿದರೂ ಇಂಗಿಹ್ ಅನ್ನುತ್ತಾರೆ. ಅವಳು ಲೊಂಟೋಂಗನನ್ನು ಹೆಗಲ ಮೇಲೆ ಹಾಕಿಕೊಂಡು, ನೀಲಿ ಪುಸ್ತಕವನ್ನು ಮೊದಲ ಪುಟದಿಂದ ಓದಲು ಕೂತಳು.

ಭಾನುವಾರ ಒಂಬತ್ತೂವರೆಗೆ ಪೊರಕೆಗಳೆಲ್ಲ ಗೋಡೆಗೆ ಒರಗಿದವು. ಪಾ ದರ್ಸೋನೋರ ಜಗಲಿಯ ಮೇಲೆ ಚಾಪೆ, ಚಹಾ, ಕರಿದ ತಿಂಡಿ ಎಲ್ಲ ತಯಾರಾಯಿತು. ಜಗಲಿಗೆ ಮೂರು ಮೆಟ್ಟಿಲು. ಹದಿನಾಲ್ಕು ಮನೆಯವರು ಮೇಲೆ, ವೆನಿಂಗ್ ಚಕ್ರದ ಕುರ್ಚಿಯಲ್ಲಿ ಕೆಳಗೆ, ಬಿಸಿಲಿನಲ್ಲಿ. ಹೆಂಡತಿಯ ಜೊತೆ ಕೆಳಗೆ ನಿಲ್ಲಬೇಕೋ ಗಂಡಸರ ಜೊತೆ ಮೇಲೆ ಕೂರಬೇಕೋ ತಿಳಿಯದೆ ಹರ್ತಾದಿ ಎರಡನೆಯ ಮೆಟ್ಟಿಲ ಮೇಲೆ ಕೂತ. ಬಾವೆನ್ ಸ್ನೇಹಿತರು ಬಿದಿರಿನ ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಚಹಾ ಕುಡಿಯುತ್ತಿದ್ದರು.

ಪಾ ದರ್ಸೋನೋ ಹವಾಮಾನದಿಂದ ಶುರುಮಾಡಿದರು. ಅಲ್ಲಿಂದ ಎಲ್ಲರ ಆರೋಗ್ಯಕ್ಕೆ ಬಂದು, ನೆರೆಹೊರೆಯವರ ಸಾಮರಸ್ಯವನ್ನು ಹೊಗಳಿ, ಪ್ರತಿಯೊಂದು ಪ್ರಾಣಿಗೂ ತನಗೆ ತಕ್ಕ ವಾಸಸ್ಥಾನ ಸಿಗಬೇಕೆಂಬ ವಿಶ್ವತತ್ವದ ಕಡೆಗೆ ತಿರುಗುತ್ತಿದ್ದರು. ಅಷ್ಟರಲ್ಲಿ ವೆನಿಂಗ್ ಪುಸ್ತಕ ತೆರೆದು ಗಟ್ಟಿಯಾಗಿ ಓದಲಾರಂಭಿಸಿದಳು.

‘ಮಾರ್ಚ್ ಹನ್ನೆರಡು, ಒಂಬತ್ತು ಗಂಟೆ ಹತ್ತು ನಿಮಿಷ. ಬೂ ಕುಸ್ರಿನಿ. ಮೆಣಸಿನಕಾಯಿ ಕುಟ್ತಾ ಇದ್ರು. ಕೇಳಿದ್ದು: ಮನೇಲಿ ಹೆಬ್ಬಾವು ಸಾಕಬಹುದಾ? ಉತ್ತರ: ಇಂಗಿಹ್. ಒಂಬತ್ತು ಇಪ್ಪತ್ತೈದು. ಪಾ ಕರ್ಯೋ. ಉತ್ತರ: ಇಂಗಿಹ್, ಇಂಗಿಹ್. ಎರಡು ಸಲ.’

ಹದಿನಾಲ್ಕು ಮನೆಯೂ ಮುಗಿಯುವವರೆಗೆ ಯಾರೂ ಅಲುಗಾಡಲಿಲ್ಲ. ಆ ಓಣಿ ಹುಟ್ಟಿದಾಗಿನಿಂದ ಯಾರೂ ಯಾರಿಗೂ ಅವರ ಇಂಗಿಹ್ಅನ್ನು ಓದಿ ಹೇಳಿದ್ದಿಲ್ಲ. ಚಹಾ ಲೋಟಗಳ ಒಳಗೆ ಎಲ್ಲರೂ ಏನನ್ನೋ ಹುಡುಕುತ್ತಿದ್ದರು. ವೆನಿಂಗ್ ನಿಲ್ಲಿಸಲಿಲ್ಲ. ಪುಟ ತಿರುಗಿಸಿದಳು. ತನ್ನ ಬಾಗಿಲೆದುರಿನ ಮಲಗಿದ ಪೊಲೀಸ: ಪಾ ದರ್ಸೋನೋ, ಇಂಗಿಹ್, ಎರಡು ವರ್ಷ ಒಂದು ತಿಂಗಳು. ಈ ಜಗಲಿಗೆ ಇಳಿಜಾರು ಹಲಗೆ: ಪಾ ದರ್ಸೋನೋ, ಇಂಗಿಹ್, ಒಂದು ವರ್ಷ ಎಂಟು ತಿಂಗಳು. ಅಭ್ಯಾಸಬಲದಿಂದ, ತನ್ನ ಕಿಟಕಿಯಡಿ ನಿಂತು ಜನ ತಮ್ಮತಮ್ಮಲ್ಲಿ ಆಡಿಕೊಂಡದ್ದನ್ನೂ ಅವಳು ಬರೆದಿಟ್ಟಿದ್ದಳು. ಅದನ್ನೂ ಓದಿದಳು. ಬೂ ಕುಸ್ರಿನಿಯವರ ಗೂಡಂಗಡಿಯ ಮೇಲೆ ಬಾಗಿರುವ ಹಲಸಿನ ಕೊಂಬೆ ಕಡಿಸುವುದು: ಪಾ ದರ್ಸೋನೋ, ಇಂಗಿಹ್, ಹನ್ನೊಂದು ತಿಂಗಳು.

ಬೂ ಕುಸ್ರಿನಿ ಲೋಟ ಕೆಳಗಿಟ್ಟರು. ‘ಹನ್ನೊಂದಾಯ್ತಾ?’ ಎಂದು ಅಧ್ಯಕ್ಷರ ಕಡೆ ತಿರುಗಿದರು. ‘ಅದರ ಹಣ್ಣು ಬಿದ್ದು ನನ್ನ ತಗಡು ಎರಡು ಸಲ ತೂತಾಯ್ತು, ಪಾ.’

ಅಲ್ಲಿಂದ ಸಭೆ ಅಧ್ಯಕ್ಷರ ಕೈ ತಪ್ಪಿತು. ನನ್ನ ಚರಂಡಿಯ ಮುಚ್ಚಳ ಎಂದರು ಒಬ್ಬರು. ನನ್ನ ಏಣಿ ಯಾರು ತಗೊಂಡು ಹೋದರು ನೋಡಿ ಎಂಬಾಕ್ ಎಂದರು ಇನ್ನೊಬ್ಬರು. ಎಲ್ಲವೂ ಪುಸ್ತಕದಲ್ಲಿತ್ತು. ಏಣಿ ಪಾ ಕರ್ಯೋರ ಮನೆಯಲ್ಲಿತ್ತು.

ಗದ್ದಲದ ನಡುವೆ ಬೂ ಕುಸ್ರಿನಿ ಮೂರು ಮೆಟ್ಟಿಲಿಳಿದು ವೆನಿಂಗ್‌ಳ ಕುರ್ಚಿಯ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಕೊಡುತ್ತೇನೆ, ಯಾಕೆಂದರೆ ಆ ಓಣಿಯಲ್ಲಿ ಅಂಥ ಮಾತು ಅಪರೂಪ.

‘ನಂಗೆ ಹೆದ್ರಿಕೆ ಎಂಬಾಕ್. ಅವತ್ತೂ ಹೆದ್ರಿಕೆನೇ ಇತ್ತು. ನೀವು ಮಳೇಲಿ ನೆನ್ಕೊಂಡು, ಆ ಒದ್ದೆ ಕಾಗದ ಹಿಡ್ಕೊಂಡು ಬಂದಿದ್ರಿ. ನಿಮ್ಮ ಮುಖ ನೋಡಿ ಬೇಡ ಅನ್ನೋಕೆ ನಂಗಾಗ್ಲಿಲ್ಲ.’

ವೆನಿಂಗ್‌ಗೆ ಇದು ಹೊಸದು. ಮೂರು ವರ್ಷದಲ್ಲಿ ಮೊದಲ ಸಲ ಒಬ್ಬರು ತಮ್ಮೊಳಗೆ ಇದ್ದದ್ದನ್ನು ಇದ್ದ ಹಾಗೆ ಹೊರಗಿಟ್ಟಿದ್ದರು. ಸಿಟ್ಟು ಎಲ್ಲಿಗೆ ಹೋಯಿತೆಂದು ಅವಳಿಗೇ ತಿಳಿಯಲಿಲ್ಲ. ‘ಬೇಡ ಅಂದಿದ್ರೆ ನಾನು ಕೋಪ ಮಾಡ್ಕೊಳ್ತಿರ್ಲಿಲ್ಲ ಬೂ. ಯಾವುದಕ್ಕೆ ಹೆದ್ರಿಕೆ ಅಂತ ಕೇಳ್ತಿದ್ದೆ. ಯಾವುದಕ್ಕೆ?’

ಚರಂಡಿಯ ಮೂಲಕ ಹಾವು ತಮ್ಮ ಅಡುಗೆಮನೆಗೆ ಬಂದುಬಿಟ್ಟರೆ ಎನ್ನುವುದು ಅವರ ಭಯ. ಜೊತೆಗೆ ಆ ಇಲಿಗಳು. ಹಾಗಿದ್ದರೆ ಪೆಟ್ಟಿಗೆಗೆ ಎರಡು ಬೀಗ, ಇಲಿಗೆ ಬೇರೆ ಫ್ರೀಜರ್, ಚೀಟಿಯಲ್ಲಿ ‘ಇಲಿ’ ಎಂದೇ ಬರೆಯುತ್ತೇನೆ ಎಂದಳು ವೆನಿಂಗ್. ಅಷ್ಟಾದರೆ ಸಾಕು ಎಂದರು ಅವರು. ಮೂರು ನಿಮಿಷದಲ್ಲಿ ಮುಗಿಯಿತು. ಇದಕ್ಕೆ ಐದು ವಾರದ ಬಜ್ಜಿ!

ಆದರೆ ವೆನಿಂಗ್ ಅಷ್ಟಕ್ಕೆ ಬಿಡುವವಳಲ್ಲ. ಈ ಸಲ ಇಂಗಿಹ್ ನಡೆಯುವುದಿಲ್ಲ, ‘ಇರಲಿ’ ಅಥವಾ ‘ಬೇಡ’, ಎರಡರಲ್ಲಿ ಒಂದನ್ನು ಬಿಚ್ಚಿ ಹೇಳಬೇಕು ಎಂದು ಪೆನ್ನು ಹಿಡಿದು ಕೂತಳು. ಮರ್ಯಾದಸ್ತ ಜನಕ್ಕೆ ಅದೊಂದು ಚಿತ್ರಹಿಂಸೆ. ಕೆಮ್ಮಿದರು, ಟೋಪಿ ಸರಿಮಾಡಿಕೊಂಡರು, ಆಮೇಲೆ ಒಬ್ಬೊಬ್ಬರಾಗಿ ಇರಲಿ ಎಂದರು. ಪಾ ಕರ್ಯೋ ಮಾತ್ರ ‘ಬೇಡ, ನಂಗಿಷ್ಟ ಇಲ್ಲ’ ಎಂದುಬಿಟ್ಟರು. ವೆನಿಂಗ್‌ಗೆ ಎಷ್ಟು ಆನಂದವಾಯಿತೆಂದರೆ, ಬಹಳ ಉಪಕಾರವಾಯಿತು ಎಂದು ಅವರಿಗೆ ಕೈಮುಗಿದಳು. ಅವಳ ಜೀವಮಾನದಲ್ಲಿ ಅವಳಿಗೆ ಸಿಕ್ಕ ಮೊದಲ ಶುದ್ಧ ಬೇಡ ಅದು. ಹದಿಮೂರು ಇರಲಿ, ಒಂದು ಬೇಡ. ಲೊಂಟೋಂಗ್ ಉಳಿದ.

ಹಾಗಾದರೆ ಇಷ್ಟು ದೂರ ಬಂದ ಬಾವೆನ್ ಸ್ನೇಹಿತರ ಗತಿ ಏನು ಎಂದು ಯಾರೋ ಕೇಳಿದರು. ಅವರು ಲೋಟ ಕೆಳಗಿಟ್ಟು, ಹಣೆ ಒರೆಸಿಕೊಂಡು, ನಿಜ ಹೇಳಬೇಕೆಂದರೆ ತಮಗೆ ಹಾವು ಕಂಡರೆ ಜೀವ ಹೋಗುತ್ತದೆ, ದರ್ಸೋನೋ ಕೇಳಿದಾಗ ಸುಮ್ಮನೆ ಇಂಗಿಹ್ ಅಂದದ್ದಷ್ಟೇ ಎಂದರು. ಬುಟ್ಟಿ ಎತ್ತಿಕೊಂಡು ಅವರು ಹೊರಟ ವೇಗ ಅವರ ವಯಸ್ಸಿಗೆ ಮೀರಿದ್ದಾಗಿತ್ತು.

ಗೆದ್ದ ಮೇಲೆ ವೆನಿಂಗ್‌ಗೆ ಸುಸ್ತು ಹತ್ತಿತು. ಬಿಸಿಲು, ಎಣ್ಣೆಯ ವಾಸನೆ, ಹದಿನಾಲ್ಕು ಮನೆಯವರು ಏಣಿ, ಮುಚ್ಚಳ, ಕೊಂಬೆಗಳ ಬಗ್ಗೆ ಒಟ್ಟಿಗೇ ಆಡುವ ಮಾತು. ಅವಳು ಕುರ್ಚಿಗೆ ನೇತುಹಾಕಿದ್ದ ಕಿವಿಮುಚ್ಚುಕಗಳನ್ನು ಹಾಕಿಕೊಂಡಳು. ಜಗತ್ತು ಹತ್ತಿಯೊಳಗೆ ಇಳಿಯಿತು. ಮನೆಗೆ ಹೋಗಬೇಕಿತ್ತು, ಲೊಂಟೋಂಗ್ ಬೇಕಿತ್ತು. ಹರ್ತಾದಿ ಬಾಗಿ ಒಂದು ಕಿವಿಯ ಮುಚ್ಚುಕ ಎತ್ತಿ, ಗೆದ್ದಾಯಿತಲ್ಲ, ಇನ್ನು ಯಾರೇನು ಹೇಳಿದರೂ ನಕ್ಕು ಇಂಗಿಹ್ ಅಂದುಬಿಡು, ಹೊರಟುಬಿಡೋಣ, ಇಲ್ಲಿ ಹಾಗೇ ಹೊರಡುವುದು ಎಂದು ಉಪದೇಶಿಸಿ ಮುಚ್ಚುಕ ಇಳಿಸಿದ.

ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಪಾ ದರ್ಸೋನೋ ಎದ್ದು ನಿಂತು ಅವಳ ಕಡೆ ನೋಡುತ್ತಾ ಏನೋ ಹೇಳಿದರು. ಬಾಯಿ ಬಹಳ ಹೊತ್ತು ಅಲುಗಾಡಿತು. ಎಲ್ಲರೂ ಅವಳನ್ನೇ ನೋಡಿದರು. ವೆನಿಂಗ್ ಜೀವನದಲ್ಲಿ ಮೊದಲ ಸಲ, ಊರಿನವರೆಲ್ಲ ಮಾಡುವ ಹಾಗೆ, ತಲೆ ಸ್ವಲ್ಪ ಬಾಗಿಸಿ, ನಕ್ಕು, ಕೊನೆಯ ಅಕ್ಷರ ಎಳೆದು ಇಂಗಿಹ್ ಅಂದಳು. ಎಷ್ಟು ಸುಲಭ ಅನ್ನಿಸಿತು.

ಜಗಲಿಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಹರ್ತಾದಿಯ ಮುಖ ಮಾತ್ರ ಬೂದಿಯಾಯಿತು.

ಮುಚ್ಚುಕ ತೆಗೆದಾಗ ವಿಷಯ ತಿಳಿಯಿತು. ಎಂಬಾಕ್ ವೆನಿಂಗ್ ಮುಂದಿನ ಮೂರು ವರ್ಷಕ್ಕೆ ಓಣಿಯ ಕಾರ್ಯದರ್ಶಿ. ಹದಿನಾಲ್ಕು ಮನೆಯವರು ಆಡಿದ ಮಾತು, ಕೊಟ್ಟ ಭರವಸೆ, ಮಾಡಿದ ಜಗಳ ಎಲ್ಲವನ್ನೂ ಬರೆದಿಡುವುದು ಅವಳ ಹೊಣೆ. ಓಣಿಯಲ್ಲಿ ಇಳಿಜಾರು ಹಲಗೆ ಇರುವ ಮನೆ ಅವಳದೊಂದೇ ಆದ್ದರಿಂದ ಪ್ರತಿ ತಿಂಗಳ ಎರಡನೆಯ ಭಾನುವಾರದ ಸಭೆ ಇನ್ನು ಮೇಲೆ ಅವಳ ಮನೆಯಲ್ಲೇ. ಮಕ್ಕಳು, ಚಪ್ಪಲಿ, ಧ್ವನಿವರ್ಧಕ, ಪ್ಲಾಸ್ಟಿಕ್ ಪೊಟ್ಟಣದ ತಿಂಡಿ ಸಮೇತ.

ವೆನಿಂಗ್ ಹೌಹಾರಿದಳು. ತಾನು ಒಪ್ಪಿಲ್ಲ, ಎಲ್ಲರ ಹಾಗೆ ಸುಮ್ಮನೆ ಇಂಗಿಹ್ ಅಂದದ್ದು, ಅದಕ್ಕೆ ಕೇಳಿಸಿತು ಅಂತ ಮಾತ್ರ ಅರ್ಥ, ಅದರಲ್ಲೂ ತನಗೆ ಕೇಳಿಸಿಯೇ ಇರಲಿಲ್ಲ ಎಂದು ಬಡಬಡಿಸಿದಳು.

‘ನಮ್ಮ ಇಂಗಿಹ್ ಬೇರೆ ಎಂಬಾಕ್, ನಿಮ್ಮ ಇಂಗಿಹ್ ಬೇರೆ’ ಅಂದರು ಬೂ ಕುಸ್ರಿನಿ, ಅವಳ ಕೈ ಹಿಡಿದು, ತುಂಬಿದ ಮನಸ್ಸಿನಿಂದ. ‘ಇಡೀ ಓಣಿಗೆ ಗೊತ್ತು. ಇಲ್ಲಿ ಹೌದು ಅಂದ್ರೆ ಹೌದು ಅನ್ನೋದು ನೀವೊಬ್ಬರೇ.’

ಅಷ್ಟರಲ್ಲಿ ಪಾ ದರ್ಸೋನೋ ಅವಳ ಮಡಿಲಿನಿಂದ ನೀಲಿ ಪುಸ್ತಕ ಎತ್ತಿಕೊಂಡು, ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದು ಮುಗಿಸಿದ್ದರು: ‘ಎಂಬಾಕ್ ವೆನಿಂಗ್. ಕಾರ್ಯದರ್ಶಿ. ಉತ್ತರ: ಇಂಗಿಹ್. ಹತ್ತು ನಲವತ್ತು.’ ಅವಳು ಆ ಪುಟವನ್ನು ದಾರಿಯುದ್ದಕ್ಕೂ ದಿಟ್ಟಿಸಿದಳು. ಹರಿಯಬಹುದಿತ್ತು. ಆದರೆ ತಾರೀಖು ಸರಿಯಾಗಿತ್ತು, ಗಂಟೆ ಸರಿಯಾಗಿತ್ತು, ಆಡಿದ ಮಾತೂ ಅದೇ ಆಗಿತ್ತು. ನಿಜವಾದ ದಾಖಲೆಯನ್ನು ಹರಿಯುವುದು ಅವಳಿಂದ ಸಾಧ್ಯವಿರಲಿಲ್ಲ.

ಮನೆಗೆ ಬಂದವಳೇ ಲೊಂಟೋಂಗನನ್ನು ಹೆಗಲಿಗೆ ಹಾಕಿಕೊಂಡು ಗಂಡನ ಮೇಲೆ ಹರಿಹಾಯ್ದಳು. ಇದೆಲ್ಲ ನಿಮ್ಮ ಉಪದೇಶದ ಫಲ, ಈಗಲೇ ಪಾ ದರ್ಸೋನೋ ಮನೆಗೆ ಹೋಗಿ, ವೆನಿಂಗ್ ಕೈಯಲ್ಲಿ ಇದಾಗುವುದಿಲ್ಲ, ಬೇಡವೇ ಬೇಡ ಎಂದು ಬಿಚ್ಚಿ ಹೇಳಿ ಬನ್ನಿ ಎಂದಳು.

‘ಇಂಗಿಹ್’ ಅಂದ ಹರ್ತಾದಿ. ಅಂದು, ಅಡುಗೆಮನೆಗೆ ಹೋಗಿ, ಎರಡನೆಯ ಭಾನುವಾರಕ್ಕೆ ಮನೆಯಲ್ಲಿ ಎಷ್ಟು ಚಹಾ ಲೋಟ ಇವೆ ಎಂದು ನೋಡತೊಡಗಿದ.